ಐವತ್ತು ರೂಪಾಯಿಯ ಎರಡನೇ ತುಂಡು

2016ನೇ ಇಸವಿ ನವೆಂಬರ್ 21, ಸೋಮವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಠಾಣೆಯಲ್ಲಿ ಆಗ ಇದ್ದದ್ದು ಮೂವರು ಪೊಲೀಸರು ಮತ್ತು ಒಂದು ಫ್ಯಾನು. ನಾಲ್ಕರಲ್ಲಿ ಕೆಟ್ಟಿದ್ದದ್ದು ಫ್ಯಾನು ಮಾತ್ರ. ಉಳಿದವರೆಲ್ಲ ಬ್ಯಾಂಕುಗಳ ಬಾಗಿಲು ಕಾಯಲು ಹೋಗಿದ್ದರು. ಐನೂರು ಮತ್ತು ಸಾವಿರದ ನೋಟುಗಳು ರದ್ದಾಗಿ ಹದಿಮೂರನೇ ದಿನ. ಬೋವಿಕಾನ ಪೇಟೆಯ ಬ್ಯಾಂಕಿನ ಎದುರಿನ ಸಾಲಿನ ಬಾಲದಲ್ಲಿ ನಿಂತವನಿಗೆ ಅರಬ್ಬಿ ಸಮುದ್ರ ಕಾಣುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ತಲೆಯಲ್ಲಿ ನಿಂತವನಿಗೆ ಬಾಲ ಕಾಣುತ್ತಿರಲಿಲ್ಲ ಎಂಬುದಕ್ಕೆ ಮಾತ್ರ ಸರಕಾರಿ ಸಾಕ್ಷಿ ಇದೆ.

ಠಾಣೆಯ ಮುಖ್ಯಸ್ಥ ಎಸ್‌ಐ ವಾಸಪ್ಪ. ಹದಿಮೂರು ದಿನಗಳಿಂದ ರಜೆಯಿಲ್ಲ, ಸರಿಯಾದ ಊಟವಿಲ್ಲ. ಆ ಸೋಮವಾರ ಇಡೀ ಕಾಸರಗೋಡು ಜಿಲ್ಲೆಯ ಸಿಟ್ಟನ್ನು ತಕ್ಕಡಿಗೆ ಹಾಕಿದ್ದರೆ ಅರ್ಧ ಪಾಲು ಅವರೊಬ್ಬರದೇ ಬೀಳುತ್ತಿತ್ತು. ಉಳಿದ ಅರ್ಧ ಯಾರದೆಂದು ಮುಂದೆ ಗೊತ್ತಾಗುತ್ತದೆ.

ಬಂದವರು ಬೆಳ್ಳೂರಿನ ಈಶ್ವರಪ್ರಸಾದ ಮಾಷ್ಟ್ರು. ಎಪ್ಪತ್ನಾಲ್ಕು ವರ್ಷ, ನಿವೃತ್ತ ಚರಿತ್ರೆ ಅಧ್ಯಾಪಕರು. ಕೈಯಲ್ಲಿ ಆರು ಪುಟದ ದೂರು, ಅದರಲ್ಲಿ ಎರಡು ಪುಟ ಅವರ ಸ್ವಂತ ಪರಿಚಯ.

"ಎಂತ ಕಳವಾದದ್ದು?" ವಾಸಪ್ಪ ಕೇಳಿದರು.

"ನೋಟು."

"ಹಳೇದಾ ಹೊಸತಾ?"

"ಹಳೇದು. 1872ನೇ ಇಸವಿಯದ್ದು. ಐವತ್ತು ರೂಪಾಯಿ. ಮದರಾಸು ವೃತ್ತದ್ದು, ಅಂದರೆ ಆ ಪ್ರಾಂತದಲ್ಲಿ ಮಾತ್ರ ನಡೆಯುವಂಥದ್ದು."

"ಒಂದು ನೋಟಾ?"

"ಅರ್ಧ ನೋಟು."

ವಾಸಪ್ಪ ಪೆನ್ನು ಕೆಳಗಿಟ್ಟರು. "ಮಾಷ್ಟ್ರೇ, ಇಡೀ ದೇಶದ ಪೂರಾ ನೋಟುಗಳೇ ಕಾಗದ ಆಗಿ ಬಿದ್ದಿವೆ. ನೀವು ಅರ್ಧ ನೋಟಿಗೆ ಕೇಸು ಕೇಳ್ತೀರಿ."

"ಅದರ ಬೆಲೆ ನಿಮ್ಮ ಠಾಣೆಯ ಜೀಪಿಗಿಂತ ಹೆಚ್ಚು."

ಇದು ಸುಳ್ಳಲ್ಲ. ಆ ಜೀಪಿಗಿಂತ ಬೆಲೆ ಕಡಿಮೆಯ ವಸ್ತು ಜಿಲ್ಲೆಯಲ್ಲಿ ಸಿಗುವುದು ಕಷ್ಟವಿತ್ತು.

ವಿಷಯ ಇಷ್ಟು. ನೋಟು ರದ್ದಾದ ಗಲಾಟೆಯಲ್ಲಿ ಬೋವಿಕಾನದ ವಾಚನಾಲಯದವರು ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಮೂರಕ್ಕೆ, ಮಾಷ್ಟ್ರಿಂದ ಒಂದು ಭಾಷಣ ಇಟ್ಟಿದ್ದರು: ಕಾಗದದ ಹಣದ ಬಗ್ಗೆ ಹತ್ತೊಂಬತ್ತನೇ ಶತಮಾನದ ವಾದಗಳು. ಗೋಡೆಯಲ್ಲಿ ಮಾಷ್ಟ್ರ ಸಂಗ್ರಹದ ಹನ್ನೊಂದು ಚೌಕಟ್ಟುಗಳು. ಏಳನೆಯದರಲ್ಲಿ ಈ ಅರ್ಧ ನೋಟು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಚೌಕಟ್ಟು ಇತ್ತು, ಗಾಜು ಇತ್ತು, ನೋಟು ಇರಲಿಲ್ಲ.

"ಗುರುತು ಹೇಳಿ. ಮುಂದೆ ಎಂತ ಉಂಟು?"

"ಎಡಗಡೆಯ ಅರ್ಧ. ನಂಬರು 41873. ಕೇಳಿದ ಕೂಡಲೇ ಐವತ್ತು ರೂಪಾಯಿ ಕೊಡುತ್ತೇವೆ ಎಂಬ ಸರಕಾರದ ವಾಗ್ದಾನದ ಅರ್ಧ ಭಾಗ."

"ಹಿಂದೆ?"

"ಖಾಲಿ. ಆ ಕಾಲದ ನೋಟು ಒಂದೇ ಮುಖಕ್ಕೆ ಅಚ್ಚಾಗುತ್ತಿತ್ತು."

"ಹಿಂದೆ ಏನೂ ಇಲ್ಲ. ಬರೆಯಲಾ?"

"ಬರೆಯಿರಿ."

ಮಹಿಳಾ ಪೊಲೀಸ್ ಸೌಮ್ಯಶ್ರೀ ಬರೆದುಕೊಂಡಳು. 10 ಗಂಟೆ 25 ನಿಮಿಷಕ್ಕೆ ಎಫ್‌ಐಆರ್ ಆಯಿತು: ಕ್ರೈಂ ನಂಬರ್ 587, ಕಟ್ಟಡದೊಳಗಿನ ಕಳವು, ದಂಡಸಂಹಿತೆಯ 380ನೇ ಕಲಂ. ಮಾಷ್ಟ್ರು ಓದಿ, ಎರಡು ಅಲ್ಪವಿರಾಮ ಸೇರಿಸಿ, ರುಜು ಹಾಕಿದರು.

11 ಗಂಟೆ 30ಕ್ಕೆ ವಾಚನಾಲಯದಲ್ಲಿ ಸ್ಥಳದ ಮಹಜರು. ಗಡಿಯ ಆಚೆಗೆ ಕರ್ನಾಟಕದಲ್ಲಿ ಪಂಚನಾಮೆ ಎನ್ನುತ್ತಾರೆ, ಇಲ್ಲಿ ಕೇರಳದಲ್ಲಿ ಮಹಜರು. ಹೆಸರು ಯಾವುದಾದರೂ ಬೆವರುವುದು ಪೊಲೀಸರೇ. ವಾಸಪ್ಪನವರ ಜೊತೆಗೆ ಸೌಮ್ಯಶ್ರೀ ಮತ್ತು ಪೊಲೀಸ್ ಸುಕುಮಾರ. ಸುಕುಮಾರನಿಗೆ ಮಾತು ಕಡಿಮೆ, ಊಟ ಹೆಚ್ಚು. ಒಮ್ಮೆ ಹೋಟೆಲಿನವನು ಅವನನ್ನು ಕಂಡು ಬಾಗಿಲು ಹಾಕಿಕೊಂಡಿದ್ದನಂತೆ. ಆದರೆ ಈ ಪ್ರಕರಣ ಬಿಡಿಸಿದ್ದು ಅವನೇ, ಅದೂ ಹನ್ನೆರಡೇ ನಿಮಿಷದಲ್ಲಿ.

ಚೌಕಟ್ಟನ್ನು ತಿರುಗಿಸಿ ನೋಡಿದರು. ಬೆನ್ನಿಗೆ ಅಂಟಿಸಿದ ಕಂದು ಕಾಗದದ ನಡುವೆ ಒಂದು ಕಿಟಕಿ ಕತ್ತರಿಸಲಾಗಿತ್ತು. ನಾಲ್ಕು ಮೂಲೆ ಚೊಕ್ಕ, ಒಂದು ಎಳೆಯೂ ಎದ್ದಿರಲಿಲ್ಲ.

"ಬ್ಲೇಡಾ?" ವಾಸಪ್ಪ ಕೇಳಿದರು.

ಸುಕುಮಾರ ಕಿಟಕಿಯ ಮೇಲೆ ಹೆಬ್ಬೆರಳು ಇಟ್ಟು ಅಳೆದ. "ಕತ್ತರಿ, ಸಾರ್. ಸಣ್ಣದು. ಮೂಲೆ ತಿರುಗುವಾಗ ಕೈ ಎತ್ತಲಿಲ್ಲ, ಚೌಕಟ್ಟನ್ನೇ ತಿರುಗಿಸಿದ್ದು. ಅಳತೆಯೂ ನೋಡಿ."

"ಎಂತ ಅಳತೆ?"

"ಬೀಡಿ ಎಲೆಯದ್ದು. ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ತಗಡಿನ ಅಚ್ಚು ಇಟ್ಟು ದಿನಕ್ಕೆ ಸಾವಿರ ಎಲೆ ಕತ್ತರಿಸಿದ ಕೈಗೆ ಬೇರೆ ಅಳತೆ ಬರುವುದೇ ಇಲ್ಲ. ಅಮ್ಮ ಚಪಾತಿಯನ್ನೂ ಹೀಗೇ ತುಂಡು ಮಾಡ್ತಾರೆ."

ವಾಚನಾಲಯದ ಕಾರ್ಯದರ್ಶಿ ಪ್ರವೀತ್ ಬೆಂಚಿನ ತುದಿಯಲ್ಲಿ ಕುಳಿತಿದ್ದ. ವಾಸಪ್ಪ ಅವನ ಕಡೆ ತಿರುಗಿದರು.

"ನಿನ್ನೆ ಎಷ್ಟು ಜನ?"

"ಇನ್ನೂರು ಇರಬಹುದು ಸಾರ್."

"ರಿಜಿಸ್ಟರಿನಲ್ಲಿ ನಲವತ್ತೊಂದು ಉಂಟು."

"ನಲವತ್ತೊಂದು ಸಾರ್."

"ಭಾಷಣದಲ್ಲಿ ಎಂತ ಹೇಳಿದ್ರು?"

ಪ್ರವೀತ್ ಹೇಳಿದ. ನೋಟು ಅಚ್ಚು ಹಾಕುವ ಅಧಿಕಾರವನ್ನು 1861ರಲ್ಲಿ ಸರಕಾರ ಬ್ಯಾಂಕುಗಳ ಕೈಯಿಂದ ಕಿತ್ತುಕೊಂಡಿತು. ಪ್ರತಿ ನೋಟಿನ ಹಿಂದೆ ಖಜಾನೆಯಲ್ಲಿ ಬೆಳ್ಳಿ ಇರಲೇಬೇಕು ಎಂದು ಒಂದು ಪಕ್ಷ, ಸ್ವಲ್ಪ ಭಾಗಕ್ಕೆ ಸರಕಾರದ ಸಾಲಪತ್ರ ಸಾಕು ಎಂದು ಇನ್ನೊಂದು ಪಕ್ಷ. ಕೊನೆಗೆ ನಾಲ್ಕು ಕೋಟಿಯವರೆಗೆ ಸಾಲಪತ್ರ, ಅದರ ಮೇಲೆ ರೂಪಾಯಿಗೆ ರೂಪಾಯಿ ಬೆಳ್ಳಿ ಎಂದಾಯಿತು. ಬೊಂಬಾಯಿ ವೃತ್ತದ ನೋಟನ್ನು ಮದರಾಸು ವೃತ್ತದವರು ತೆಗೆದುಕೊಳ್ಳಬೇಕೆಂಬ ಕಾನೂನಿರಲಿಲ್ಲ. ಮಂಗಳೂರಿನಿಂದ ಬೊಂಬಾಯಿಗೆ ಸರಕು ಕಳಿಸಿದವರು ಬಂದ ನೋಟು ಹಿಡಿದುಕೊಂಡು ಬಾಯಿ ಬಾಯಿ ಬಿಡುತ್ತಿದ್ದರು. ಇಷ್ಟರವರೆಗೆ ಎಲ್ಲರೂ ಗಂಭೀರವಾಗಿ ಕೇಳಿದರು.

"ಮತ್ತೆ?"

"ಮತ್ತೆ ಏಳನೇ ಚೌಕಟ್ಟಿನ ಕತೆ. ನಮ್ಮ ಜನಕ್ಕೆ ಕಾಗದದ ಹಣ ಅರ್ಥವೇ ಆಗಲಿಲ್ಲ, ಉದಾಹರಣೆಗೆ ದೇಲಂಪಾಡಿಯ ಕಿನ್ನಿ ಅಂತ. ಮಾಷ್ಟ್ರ ಅಜ್ಜನ ಅಪ್ಪ ಆ ಕಿನ್ನಿಯಿಂದ ಒಂದು ಜೋಡಿ ಕೋಣ ತೆಗೆದುಕೊಂಡು ಐವತ್ತರ ನೋಟು ಕೊಟ್ಟರಂತೆ. ಕಿನ್ನಿ ಮನೆಗೆ ಹೋಗಿ ಇಬ್ಬರು ಮಕ್ಕಳಿಗೆ ಪಾಲು ಮಾಡಲಿಕ್ಕೆ ಅದನ್ನು ಕತ್ತಿಯಿಂದ ಕೊಯ್ದು ಎರಡು ಮಾಡಿದನಂತೆ. ಒಂದು ತುಂಡು ಉಪ್ಪಿನ ಪೊಟ್ಟಣ ಆಗಿ ತಿರುಗಿ ಮಾಷ್ಟ್ರ ಮನೆಗೇ ಬಂತಂತೆ. ಎಲ್ಲರೂ ಬಿದ್ದು ಬಿದ್ದು ನಗಾಡಿದ್ರು."

"ನೀನೂ?"

"ಸ್ವಲ್ಪ."

"ಯಾರು ನಗಲಿಲ್ಲ?"

ಪ್ರವೀತ್ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಬಾಗಿಲಲ್ಲಿ ಹೆಸರು ಬರೆಯುತ್ತಿದ್ದ ಕಾಲೇಜು ಹುಡುಗಿ ತೃಷಾ ನಗಲಿಲ್ಲ. ಅವಳನ್ನು ನೋಡಿಯೇ ಕೆಲವರು ನಗಾಡಿದ್ದು. ಅವರು ಆ ಕಿನ್ನಿಯ ಸಂತತಿಯವರು, ಅವಳ ಮನೆಗೆ ಊರಲ್ಲಿ ನೋಟು ಕೊಯ್ದವರು ಅಂತ ಹೆಸರು. ಮತ್ತೆ ಅವಳ ಅಜ್ಜಿ ಅಮ್ಮಣಿಯಕ್ಕ. ಇಲ್ಲಿ ಗುಡಿಸುವುದು, ಕಾರ್ಯಕ್ರಮಕ್ಕೆ ಚಾ ಮಾಡುವುದು ಅವರೇ. ನಿನ್ನೆ ಎಲ್ಲರಿಗೂ ಚಾ ಕೊಟ್ಟರು, ಮಾಷ್ಟ್ರಿಗೆ ಮಾತ್ರ ಕೊಡಲಿಲ್ಲ."

"ಅವರು ಮೊದಲು ಎಂತ ಕೆಲಸ ಮಾಡ್ತಿದ್ರು?"

"ಬೀಡಿ, ಸಾರ್."

ಸುಕುಮಾರ ಆಕಾಶ ನೋಡಿದ, ಅಂದರೆ ಮಾಡಿನ ಹಂಚು ನೋಡಿದ.

ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಜೀಪು ಪೇಟೆಯ ಹಿಂದಿನ ಓಣಿಗೆ ಬಂತು. ಕೊನೆಯ ನೂರು ಮೀಟರ್ ಸುಕುಮಾರ ತಳ್ಳಿದ್ದರಿಂದ ಬಂತು. ಅಮ್ಮಣಿ ಜಗಲಿಯಲ್ಲಿ ಕುಳಿತಿದ್ದರು. ಅರುವತ್ತೊಂಬತ್ತು ವರ್ಷ, ಬೆರಳಿನಷ್ಟು ದೇಹ. ಆದರೆ ಆ ಕಣ್ಣಿಗೆ ಒಣ ಸೋಗೆ ಹಿಡಿದಿದ್ದರೆ ಬೆಂಕಿ ಹತ್ತಿಕೊಳ್ಳುತ್ತಿತ್ತು. ಜಿಲ್ಲೆಯ ಸಿಟ್ಟಿನ ಉಳಿದರ್ಧ ಇಲ್ಲಿತ್ತು. ಬೆಂಚಿನ ಮೇಲೆ ಮೂರು ಗ್ಲಾಸು ಚಾ ಮುಚ್ಚಿ ಇಟ್ಟಿತ್ತು.

"ತಡ ಆಯ್ತಲ್ಲ ಎಸ್ಸೈ ಸಾರ್," ಎಂದರು. "ಬೆಳಿಗ್ಗೆಯಿಂದ ಕಾಯ್ತಾ ಇದ್ದೇನೆ. ಚಾ ಎರಡು ಸಲ ಬಿಸಿ ಮಾಡಿದೆ."

"ನಾವು ಬರ್ತೇವೆ ಅಂತ ಗೊತ್ತಿತ್ತಾ?"

"ಬರಲಿ ಅಂತಲೇ ಅಲ್ವಾ ತೆಗೆದದ್ದು."

"ಯಾವಾಗ ತೆಗೆದದ್ದು?"

"ನಿನ್ನೆ ಐದೂವರೆಗೆ. ಗ್ಲಾಸು ತೊಳೆದು ಆದ ಮೇಲೆ. ಪ್ರವೀತ್ ಕುರ್ಚಿ ವಾಪಸು ಕೊಡಲಿಕ್ಕೆ ಹೋಗಿದ್ದ."

"ಒಬ್ಬರೇ?"

"ಒಬ್ಬಳೇ. ಮೊಮ್ಮಗಳ ಹೆಸರು ಎತ್ತಬೇಡಿ."

"ಎಲ್ಲಿ ಉಂಟು?"

ಅಮ್ಮಣಿ ಸೊಂಟದಿಂದ ಬೀಗದ ಕೈ ತೆಗೆದರು, ಕೊಡಲಿಲ್ಲ. "ಮೊದಲು ಮಾಷ್ಟ್ರನ್ನು ಕರೆಸಿ. ಅವರ ಎದುರು ತೆಗೆದು ಕೊಡ್ತೇನೆ."

"ನಾವು ಹುಡುಕಿ ತೆಗೆಯಬಹುದು."

"ತೆಗೀರಿ. ನನ್ನನ್ನು ಎತ್ತಿ ಆಚೆ ಇಟ್ಟು ತೆಗೀರಿ. ಓಣಿಯವರೆಲ್ಲ ನೋಡ್ಲಿ."

ವಾಸಪ್ಪ ಓಣಿ ನೋಡಿದರು. ಬ್ಯಾಂಕಿನ ಸಾಲು ಇಲ್ಲಿಗೇ ವರ್ಗವಾದ ಹಾಗೆ ಜನ ಸೇರಿದ್ದರು. ಹೇಗೂ ಸೊತ್ತನ್ನು ಗುರುತಿಸಲು ದೂರುದಾರ ಬೇಕು. ಫೋನು ಮಾಡಿದರು. 4 ಗಂಟೆ 5 ನಿಮಿಷಕ್ಕೆ ಮಾಷ್ಟ್ರು ರಿಕ್ಷಾದಲ್ಲಿ ಬಂದಿಳಿದರು. ತೃಷಾ ಕಾಲೇಜಿನಿಂದ ಬಂದು, ಚಪ್ಪಲಿ ಕಳಚುವುದನ್ನು ಮರೆತು ಬಾಗಿಲಲ್ಲಿ ನಿಂತಳು.

ಅಮ್ಮಣಿ ಒಳಗಿನಿಂದ ಬೀಡಿ ಕಟ್ಟಿನ ತಗಡಿನ ಡಬ್ಬ ತಂದರು. ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಎರಡು ಕಾಗದ. ಬೆಂಚಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಒಂದು ಮಾಷ್ಟ್ರ ಚೌಕಟ್ಟಿನದು. ಇನ್ನೊಂದು ಹಳದಿಯಾಗಿ, ಮಡಚಿದ ಗೆರೆಯಲ್ಲಿ ತೆಳ್ಳಗಾಗಿದ್ದ ಬಲಗಡೆಯ ಅರ್ಧ.

"ನಂಬರು ಓದು ಮಗಾ," ಎಂದು ಸೌಮ್ಯಶ್ರೀಗೆ ಹೇಳಿದರು.

"41873," ಸೌಮ್ಯಶ್ರೀ ಓದಿದಳು. "ಇದರಲ್ಲೂ 41873."

"ಗೊತ್ತಿದ್ದದ್ದೇ," ಎಂದರು ಮಾಷ್ಟ್ರು. "ಕಿನ್ನಿ ಕೊಯ್ದ ಇನ್ನೊಂದು ತುಂಡು. ಚರಿತ್ರೆಗೆ ಬಹಳ ಉಪಕಾರ ಆಯ್ತು ಅಮ್ಮಣಿ. ಎರಡನ್ನೂ ಒಟ್ಟಿಗೆ ಇಡಬಹುದು."

"ಕೊಯ್ದದ್ದಾ? ಕಣ್ಣು ಉಂಟಾ ಮಾಷ್ಟ್ರೇ?" ಅಮ್ಮಣಿಯ ಧ್ವನಿ ಏರಲಿಲ್ಲ, ಅದಕ್ಕೇ ಓಣಿಯವರು ಹತ್ತಿರ ಸರಿದರು. "ಕತ್ತಿಯಲ್ಲಿ ಕೊಯ್ದರೆ ಕಾಗದದ ಎಳೆ ಏಳ್ತದೆ. ಇದು ಕತ್ತರಿ. ಉದ್ದ ಕತ್ತರಿ, ಎರಡೇ ಸಲ ಬಾಯಿ ಮುಚ್ಚಿದ್ದು. ಇಲ್ಲಿ ನೋಡಿ, ಎರಡನೇ ಸಲ ಶುರು ಮಾಡಿದ ಜಾಗ. ನಾನು ನಲವತ್ತು ವರ್ಷ ಎಲೆ ಕತ್ತರಿಸಿದವಳು. ದೇಲಂಪಾಡಿಯಲ್ಲಿ ಗೇಣಿಗೆ ಉಳುವವನ ಮನೆಯಲ್ಲಿ ಆ ಕಾಲಕ್ಕೆ ಕತ್ತರಿ ಎಲ್ಲಿತ್ತು? ಕತ್ತರಿ ಇದ್ದದ್ದು ಬರೆಯುವವರ ಮನೆಯಲ್ಲಿ."

"ಅದು ನಿನ್ನ ಊಹೆ."

"ಹಾಗಾದರೆ ಮಗುಚಿ ಹಾಕಿ, ಎಸ್ಸೈ ಸಾರ್."

ವಾಸಪ್ಪ ಮೊದಲು ಅಮ್ಮಣಿಯ ತುಂಡನ್ನು ಮಗುಚಿದರು. ಹಿಂದೆ ಹಳೆಯ ಕಾಲದ ಕೂಡಿಸಿ ಬರೆದ ಕನ್ನಡ ಅಕ್ಷರದಲ್ಲಿ, ಕಂದಿದ ಶಾಯಿಯಲ್ಲಿ ಒಂದು ಸಾಲು. ತೃಷಾ ಬಾಗಿಲಿನಿಂದಲೇ, ನೋಡದೆಯೇ ಹೇಳಿದಳು: "ಮೊದಲನೇ ತುಂಡು. ದೇಲಂಪಾಡಿ ಕಿನ್ನಿಗೆ ಕೊಟ್ಟದ್ದು."

ವಾಸಪ್ಪ ಮಾಷ್ಟ್ರ ತುಂಡನ್ನು ಮಗುಚಿದರು. ಅದೇ ಕೈ, ಅದೇ ಶಾಯಿ. ಸೌಮ್ಯಶ್ರೀ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿದಳು.

"ಎರಡನೇ ತುಂಡು. ಕೋಣ ಒಂದು ಬೆಳೆ ಉತ್ತ ಮೇಲೆ ಕಿನ್ನಿಗೆ ಕೊಡತಕ್ಕದ್ದು."

ಅಷ್ಟೇ. ಕೊಟ್ಟದ್ದು ಎಂಬ ಮಾತು ಅದರಲ್ಲಿರಲಿಲ್ಲ.

ನೋಟನ್ನು ಎರಡು ತುಂಡು ಮಾಡುವುದು ಆ ಕಾಲದ ರೂಢಿ. ಅಂಚೆಯಲ್ಲಿ ಮೊದಲು ಒಂದು ಅರ್ಧ ಕಳಿಸುವುದು, ಅದು ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದು. ದಾರಿಯಲ್ಲಿ ಕದ್ದವನಿಗೆ ಒಂದೇ ಅರ್ಧದಿಂದ ಪ್ರಯೋಜನವಿಲ್ಲ. ಹಾಗೆ ಮಾಡುತ್ತಾರೆಂದೇ ನಂಬರನ್ನು ಎರಡು ಕಡೆ ಅಚ್ಚು ಹಾಕುತ್ತಿದ್ದರು. ಇದನ್ನು ಭಾನುವಾರ ನಲವತ್ತೊಂದು ಜನರಿಗೆ ವಿವರಿಸಿದ್ದು ಈಶ್ವರಪ್ರಸಾದ ಮಾಷ್ಟ್ರೇ, ಮೂರನೇ ಚೌಕಟ್ಟಿನ ಎದುರು. ಏಳನೆಯದರ ಎದುರು ಬರುವಾಗ ಮರೆತಿದ್ದರು.

"ಮಾಷ್ಟ್ರೇ," ವಾಸಪ್ಪ ಕೇಳಿದರು, "ಚೌಕಟ್ಟು ಹಾಕಿದ್ದು ಯಾರು?"

"ನಾನೇ."

"ಹಾಕುವಾಗ ಹಿಂಭಾಗ ನೋಡಿದ್ದೀರಿ."

ಮಾಷ್ಟ್ರು ತುಂಡನ್ನು ತಿರುಗಿ ಮಗುಚಲು ಕೈ ಚಾಚಿದರು, ವಾಸಪ್ಪ ಬಿಡಲಿಲ್ಲ.

"ಬೆಳಿಗ್ಗೆ ಖಾಲಿ ಅಂತ ಬರೆಸಿದಿರಿ. ನಾನು ಎರಡು ಸಲ ಕೇಳಿದೆ. ಅಲ್ಪವಿರಾಮ ಸೇರಿಸಲಿಕ್ಕೆ ನೆನಪಾಯ್ತು. ಇದು ನೆನಪಾಗಲಿಲ್ಲವಾ?"

ಮಾಷ್ಟ್ರು ಕನ್ನಡಕ ತೆಗೆದರು. "ನೂರ ನಲವತ್ತು ವರ್ಷದ ಹಿಂದಿನ ಸಂಗತಿ ಮಾರಾಯ್ರೆ. ಬರೆದವರು ಯಾರೂ ಇಲ್ಲ. ನಮ್ಮ ಮನೆತನದ ಹೆಸರು ಉಂಟು, ಸುಮ್ಮನೆ ಯಾಕೆ..."

"ನಿಮ್ಮ ಮನೆತನಕ್ಕೆ ಹೆಸರು ಉಂಟು," ಎಂದರು ಅಮ್ಮಣಿ. "ನಮ್ಮದಕ್ಕೂ ಉಂಟು, ನೀವು ಇಟ್ಟದ್ದು. ಕೋಣ ಹೋಯ್ತು. ಉಳಲಿಕ್ಕೆ ಇಲ್ಲದೆ ಗೇಣಿ ಗದ್ದೆ ಹೋಯ್ತು. ನನ್ನ ಅಜ್ಜ ಹೊರೆ ಹೊತ್ತುಕೊಂಡು ದೇಲಂಪಾಡಿಯಿಂದ ಕೆಳಗೆ ಈ ಪೇಟೆಗೆ ಇಳಿದು ಬಂದದ್ದು. ಅದನ್ನೆಲ್ಲ ಬಿಡುವ. ತಿಂದವರು ಸುಮ್ಮನೆ ಇರಬಹುದಿತ್ತಲ್ಲ? ತಿಂದದ್ದೂ ನೀವೇ, ಪೆದ್ದರು ಅಂತ ಕತೆ ಕಟ್ಟಿದ್ದೂ ನೀವೇ. ನನ್ನ ಮದುವೆ ದಿನ ಗಂಡಿನ ಕಡೆಯವರು ಕೇಳಿದ್ರು, ಸೀರೆಯನ್ನೂ ಇಬ್ಬರಿಗೆ ಕೊಯ್ತೀರಾ ಅಂತ. ನಿನ್ನೆ ನನ್ನ ಮೊಮ್ಮಗಳನ್ನು ಬಾಗಿಲಲ್ಲಿ ಕೂರಿಸಿ ಅದೇ ಕತೆ ಹೇಳಿದ್ರಿ. ನಾಡಿದ್ದು ವಾಚನಾಲಯದವರು ಅಚ್ಚು ಹಾಕಿಸುವ ನಿಮ್ಮ ಪುಸ್ತಕದಲ್ಲಿಯೂ ಅದೇ ಉಂಟು. ಆ ಕತೆ ತೆಗೀರಿ, ನೋಟಿನ ಹಿಂದೆ ಬರೆದದ್ದು ತೋರಿಸಿ ಅಂತ ನಿಮ್ಮಲ್ಲಿ ಮೂರು ಸಲ ಕೇಳಿದೆ. ಎಂತ ಹೇಳಿದ್ರಿ? ಇವಳ ಎದುರು ಹೇಳಿ."

ಮಾಷ್ಟ್ರು ಕನ್ನಡಕ ಒರೆಸತೊಡಗಿದರು. ತೃಷಾ ಹೇಳಿದಳು. "ಚಾಕ್ಕೆ ಸಕ್ಕರೆ ಕಡಿಮೆ ಆಗಿದೆ, ಅದನ್ನು ನೋಡು ಅಂತ ಹೇಳಿದ್ರು."

ಸುಕುಮಾರ ಚಾದ ಗ್ಲಾಸನ್ನು ಕುಡಿಯದೆ ಕೆಳಗಿಟ್ಟ. ಅವನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಹೀಗಾದದ್ದು ಅದೊಂದೇ ಸಲ.

"ನಾನು ದೂರು ವಾಪಸು ತೆಗೆದುಕೊಳ್ತೇನೆ," ಎಂದರು ಮಾಷ್ಟ್ರು. "ನೋಟು ಸಿಕ್ಕಿತಲ್ಲ. ಮುದುಕಿಗೆ ಯಾಕೆ ತೊಂದರೆ?"

"ಬೇಡ," ಅಮ್ಮಣಿ ತಟ್ಟನೆ ಅಂದರು. "ಕೇಸು ಬೇಕು."

"ಅಮ್ಮಣಿಯಕ್ಕ," ಎಂದಳು ಸೌಮ್ಯಶ್ರೀ, "ಕೇಸು ಅಂದರೆ ನಿಮ್ಮ ಮೇಲೆ. ಕಳವು. ಜಾಮೀನು ಕೋರ್ಟಿನಲ್ಲೇ ಆಗಬೇಕು."

"ಗೊತ್ತುಂಟು ಮಗಾ. ನಾನು ಬಾಯಲ್ಲಿ ಹೇಳಿದರೆ ಚಾ ಕೊಡುವವಳ ಮಾತು. ಇವರು ಹೇಳಿದರೆ ಚರಿತ್ರೆ. ಎರಡು ತುಂಡನ್ನೂ ಒಟ್ಟಿಗೆ ಇಟ್ಟು, ಹಿಂದೆ ಮುಂದೆ ಓದಿ, ಸರಕಾರದ ಕಾಗದದಲ್ಲಿ ಬರೆಯುವವರು ಯಾರು ಇದ್ದಾರೆ? ನೀವೇ. ಕಳವು ಆಗದೆ ನೀವು ಬರುವುದಿಲ್ಲ."

ವಾಸಪ್ಪ ಮಾಷ್ಟ್ರ ಕಡೆ ನೋಡಿದರು. ಹದಿಮೂರು ದಿನದ ಸಿಟ್ಟಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತ್ತು. ಆದರೂ ಅವರು ಕೂಗಲಿಲ್ಲ.

"ಈ ಕಲಮಿನ ದೂರನ್ನು ಠಾಣೆಯಲ್ಲಿ ವಾಪಸು ತೆಗೆಯಲಿಕ್ಕೆ ಬರುವುದಿಲ್ಲ ಮಾಷ್ಟ್ರೇ. ನೀವು ಚರಿತ್ರೆ ಕಲಿಸಿದ್ದೀರಿ, ನಾನು ಕಾನೂನು ಹೇಳ್ತೇನೆ. ಕುಳಿತುಕೊಳ್ಳಿ. ಸಾಕ್ಷಿ ರುಜು ಉಂಟು."

ಸೊತ್ತು ವಶಪಡಿಸಿದ ಮಹಜರು 4 ಗಂಟೆ 30ಕ್ಕೆ ಆರಂಭವಾಯಿತು. ಮಲಯಾಳದಲ್ಲಿ ಬರೆಯುವುದು ಠಾಣೆಯ ಕ್ರಮ. ಹಿಂದಿನ ಬರಹ ಕನ್ನಡದಲ್ಲಿ ಉಂಟು, ಕನ್ನಡದಲ್ಲೇ ಬರೆಯಬೇಕು ಎಂದರು ಅಮ್ಮಣಿ. ದೂರು ಕನ್ನಡದಲ್ಲಿದೆ ಎಂಬ ಕಾರಣ ಹಾಕಿ ವಾಸಪ್ಪ ಒಪ್ಪಿದರು. ಅಂಥ ಮಹಜರು ಮಂಜೇಶ್ವರದಿಂದ ತಿರುವನಂತಪುರದವರೆಗೆ ಯಾವ ಠಾಣೆಯಲ್ಲೂ ಆಗಿಲ್ಲ ಎಂದು ಬೇಕಾದರೆ ಪಣ ಕಟ್ಟಬಹುದು. ಬೀಡಿ ಎಲೆಯ ಅಳತೆ, ಕತ್ತರಿ ಎರಡು ಸಲ ಬಾಯಿ ಮುಚ್ಚಿದ ಜಾಗ, ಶಾಯಿಯ ಬಣ್ಣ, ಎರಡು ಕಡೆಯ ಬರಹ, ಒಂದೂ ಬಿಡಲಿಲ್ಲ. ಕಳವಾದ ಸೊತ್ತಿನ ಹಿಂಭಾಗ ಖಾಲಿ ಎಂದು ದೂರುದಾರರು ಬೆಳಿಗ್ಗೆ ಹೇಳಿದ್ದು ಸರಿಯಲ್ಲ ಎಂದು ಕಂಡುಬಂದಿದೆ ಎಂಬ ವಾಕ್ಯವನ್ನು ವಾಸಪ್ಪ ತಾವೇ ಹೇಳಿ ಬರೆಸಿದರು. ಮಾಷ್ಟ್ರು ರುಜು ಹಾಕುವಾಗ ಅಲ್ಪವಿರಾಮ ಸೇರಿಸಲಿಲ್ಲ.

5 ಗಂಟೆ 20ಕ್ಕೆ, ಬಿಸಿಲು ಇರುವಾಗಲೇ, ಬಂಧನ. ಸೌಮ್ಯಶ್ರೀ ಕೈ ಹಿಡಿಯಲು ಹೋದಳು. ಅಮ್ಮಣಿ ತಡೆದರು.

"ಒಮ್ಮೆ ಕೊನೆಯ ಸಾಲು ಓದು."

"ಎರಡೂ ತುಂಡುಗಳನ್ನು ಪಂಚರ ಸಮಕ್ಷಮ ಜೋಡಿಸಿ ನೋಡಲಾಗಿ, ಅಂಚು ಅಂಚಿಗೆ ಕೂಡುತ್ತದೆ. ಬರಹದ ಪ್ರಕಾರ ಮೊದಲನೇ ತುಂಡು ಕಿನ್ನಿಗೆ ಕೊಟ್ಟದ್ದು. ಎರಡನೇ ತುಂಡು ಕೊಟ್ಟ ಬಗ್ಗೆ ಯಾವುದೇ ಬರಹ ಇಲ್ಲ."

"ಇನ್ನೊಮ್ಮೆ. ಸ್ವಲ್ಪ ಗಟ್ಟಿ."

ಸೌಮ್ಯಶ್ರೀ ಓಣಿಗೆ ಕೇಳುವ ಹಾಗೆ ಓದಿದಳು.

ಮರುದಿನ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಕಳ್ಳಿ ಎಂಬ ಮಾತು ಊರಲ್ಲಿ ಒಂದೆರಡು ವಾರ ಓಡಾಡಿತು. ಅಮ್ಮಣಿಗೆ ಅದರ ಲೆಕ್ಕವಿರಲಿಲ್ಲ. ಅದು ಅವರು ತಾವೇ ಸಂಪಾದಿಸಿದ ಹೆಸರು. ವಾಚನಾಲಯದವರು ಪುಸ್ತಕವನ್ನು ಅಚ್ಚಿಗೆ ಕೊಡಲಿಲ್ಲ. ಎರಡು ತುಂಡುಗಳೂ ನ್ಯಾಯಾಲಯದ ಕಪಾಟಿನಲ್ಲಿ ಒಂದೇ ಲಕೋಟೆಯೊಳಗೆ ಸೇರಿದವು.

ಠಾಣೆಗೆ ಹೋಗುವ ದಾರಿಯಲ್ಲಿ ಜೀಪು ಎರಡು ಸಲ ನಿಂತಿತ್ತು. ಎರಡನೇ ಸಲ ನಿಂತಾಗ ವಾಸಪ್ಪ ಹಿಂದೆ ತಿರುಗಿ, ಬರೆಯಲಿಕ್ಕಲ್ಲದೆ, ಕೇಳಿದ್ದರು: "ಇಷ್ಟು ವರ್ಷ ಆ ಅರ್ಧ ತುಂಡನ್ನು ಎಂತಕ್ಕೆ ಇಟ್ಟುಕೊಂಡದ್ದು ಅಮ್ಮಣಿಯಕ್ಕ? ಯಾವ ಬ್ಯಾಂಕಿನಲ್ಲೂ ನಡೆಯುತ್ತಿರಲಿಲ್ಲ."

ಅಮ್ಮಣಿ ಹೊರಗೆ ನೋಡುತ್ತಿದ್ದರು. ಬ್ಯಾಂಕಿನ ಬಾಗಿಲು ಹಾಕಿ ಆಗಿತ್ತು. ಸಾಲು ಇನ್ನೂ ಇತ್ತು.

"ಎರಡನೆಯದು ಬರ್ತದೆ ಅಂತ ಹೇಳಿದ್ದರಂತೆ," ಎಂದರು. "ನನ್ನ ಅಪ್ಪ ಸಾಯುವ ವರ್ಷವೂ ಡಬ್ಬ ತೆಗೆದು ತುಂಡನ್ನು ಬಿಸಿಲಿಗೆ ಇಟ್ಟಿದ್ದರು."